ಶುಗರ್ ಇದ್ದವರ ಕಿಡ್ನಿಗೆಂದು ಮಾರುವ ಮೂಲಿಕೆಗಳು: ದಾವಣಗೆರೆ ಗ್ರಂಥಿಗೆ ಅಂಗಡಿ ಸಾಮಾನಿನ ವಿಮರ್ಶೆ

ದಾವಣಗೆರೆಯ ಹಳೇ ಪೇಟೆಯಲ್ಲಾಗಲಿ, ಚಿತ್ರದುರ್ಗದ ಸಂತೆಯಲ್ಲಾಗಲಿ ಗ್ರಂಥಿಗೆ ಅಂಗಡಿ ಮುಂದೆ ನಿಂತು ‘ಶುಗರ್ ಐತಿ, ಕಿಡ್ನಿಗೆ ಏನೂ ಆಗಬಾರದು, ಏನಾದ್ರೂ ಕೊಡ್ರಿ’ ಅಂದವರು ಬರಿಗೈಲಿ ವಾಪಸ್ ಬರುವುದಿಲ್ಲ. ನೇರಳೆ ಬೀಜದ ಪುಡಿ, ಮಧುನಾಶಿನಿ ಎಲೆ, ಅಮೃತಬಳ್ಳಿ, ಪುನರ್ನವ, ನೆಗ್ಗಿಲು ಮುಳ್ಳು, ಒಣಗಿಸಿದ ತಂಗಡಿ ಹೂವು, ಜೊತೆಗೆ ಹೆಸರಿಲ್ಲದ ಒಂದು ‘ಶುಗರ್ ಪುಡಿ’ ಚೀಲಕ್ಕೆ ಬೀಳುತ್ತವೆ. ಈ ಸಾಮಾನುಗಳಲ್ಲಿ ಯಾವುದು ದುಡ್ಡಿಗೆ ತಕ್ಕದ್ದು, ಯಾವುದು ಅಡುಗೆಮನೆಯಲ್ಲೇ ಇದೆ, ಯಾವುದನ್ನು ಮುಟ್ಟಲೇಬಾರದು ಎಂದು ಒಂದೊಂದಾಗಿ ನೋಡಿ ಬರೆದಿದ್ದೇವೆ.

ಶುಗರ್ ಇಳಿಸುತ್ತದೆಯೋ ಇಲ್ಲವೋ ಎಂಬ ಒಂದೇ ಅಳತೆಗೋಲು ಇಲ್ಲಿ ಸಾಲದು. ಪೊಟ್ಯಾಸಿಯಂ ಎಷ್ಟಿದೆ, ಕಿಡ್ನಿಯಲ್ಲಿ ಹರಳು ಕಟ್ಟುವ ಆಕ್ಸಲೇಟ್ ಎಷ್ಟಿದೆ, ಈಗಾಗಲೇ ನುಂಗುತ್ತಿರುವ ಮಾತ್ರೆಯ ಜೊತೆ ಸೇರಿದರೆ ಏನಾಗುತ್ತದೆ, ಇವು ಮೂರನ್ನೂ ಕೇಳಬೇಕು. ಗಟ್ಟಿಮುಟ್ಟಾದ ಕಿಡ್ನಿ ಇರುವವರಿಗೆ ಅಮೃತದಂಥ ಸೊಪ್ಪು ಸೋತ ಕಿಡ್ನಿಯವರ ಎದೆಬಡಿತವನ್ನೇ ತಪ್ಪಿಸಬಲ್ಲದು. ಸೊಪ್ಪಿನಲ್ಲಿ ಅದೇ ಗುಣ ಇರುತ್ತದೆ, ಬದಲಾಗಿರುವುದು ತಿನ್ನುವವರ ರಕ್ತದ ಲೆಕ್ಕ.

ಆದ್ದರಿಂದ ಅಂಗಡಿಗಿಂತ ಮೊದಲು ಲ್ಯಾಬ್. ಕಿಡ್ನಿಯ ಸ್ಥಿತಿ ತಿಳಿಯಲು ಎರಡು ಪರೀಕ್ಷೆ ಸಾಕು. ಮೂತ್ರದಲ್ಲಿ ಆಲ್ಬುಮಿನ್ (ರಕ್ತದಲ್ಲೇ ಉಳಿಯಬೇಕಾದ ಪ್ರೋಟೀನ್) ಮತ್ತು ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ಕಸ) ಅನುಪಾತ ಒಂದು. ಎಸಿಆರ್ ಎಂದು ಕೇಳಿದರೆ ಲ್ಯಾಬಿನವರಿಗೆ ಗೊತ್ತಾಗುತ್ತದೆ. ಒಂದು ಗ್ರಾಂ ಕ್ರಿಯಾಟಿನಿನ್ನಿಗೆ ಆಲ್ಬುಮಿನ್ 30 ಮಿ.ಗ್ರಾಂ ಒಳಗಿದ್ದರೆ ಸರಿ, 30ರಿಂದ 300 ಎಂದರೆ ಸೋರಿಕೆ ಶುರುವಾಗಿದೆ, 300 ದಾಟಿದರೆ ಹಾನಿ ಮುಂದುವರಿದಿದೆ. ಜ್ವರ, ಉರಿಮೂತ್ರ, ಹಿಂದಿನ ದಿನದ ಭಾರೀ ಮೈಗೆಲಸ ಇದ್ದರೆ ಅಂಕಿ ಸುಳ್ಳಾಗಿ ಏರುತ್ತದೆ. ಅದಕ್ಕೇ ಮೂರರಿಂದ ಆರು ತಿಂಗಳಲ್ಲಿ ಮೂರು ಸಲ ನೋಡಿ, ಎರಡು ಸಲ ಹೆಚ್ಚು ಬಂದರೆ ಮಾತ್ರ ನಂಬುತ್ತಾರೆ. ಇನ್ನೊಂದು ರಕ್ತದ ಕ್ರಿಯಾಟಿನಿನ್. ಅದರಿಂದ ಇಜಿಎಫ್‌ಆರ್ (ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತದೆ ಎಂಬ ಅಂದಾಜು) ಲೆಕ್ಕ ಹಾಕುತ್ತಾರೆ. ಅದು ಮೂರು ತಿಂಗಳಿಗೂ ಹೆಚ್ಚು ಕಾಲ 60ಕ್ಕಿಂತ ಕೆಳಗೇ ಇದ್ದರೆ ಕಿಡ್ನಿ ರೋಗ ಎಂದೇ ಅರ್ಥ. ಟೈಪ್ 2 ಶುಗರ್ ಗೊತ್ತಾದ ದಿನದಿಂದಲೇ ವರ್ಷಕ್ಕೊಮ್ಮೆ ಇವೆರಡೂ ಆಗಬೇಕು. ಕಾಲು ಊದಿಕೊಂಡ ಮೇಲೆ, ಮೂತ್ರದಲ್ಲಿ ನೊರೆ ಕಂಡ ಮೇಲೆ ಲ್ಯಾಬಿಗೆ ಹೋಗುವುದು ತುಂಬ ತಡ.

ಕೆಳಗೆ ‘ಕಿಡ್ನಿ ಚೆನ್ನಾಗಿರುವವರು’ ಎಂದಿರುವಲ್ಲಿ ಇಜಿಎಫ್‌ಆರ್ 60ರ ಮೇಲೆ, ಪೊಟ್ಯಾಸಿಯಂ ಮಾಮೂಲಿ ಇರುವವರು ಎಂದು ಓದಿಕೊಳ್ಳಿ.

ಮೆಂತ್ಯ: ಮೊದಲ ಸ್ಥಾನ

ಇಡೀ ಅಂಗಡಿಯಲ್ಲಿ ಒಂದೇ ಒಂದು ಸಾಮಾನು ಕೊಳ್ಳಿ ಎಂದರೆ ನಾವು ಹೇಳುವುದು ಮೆಂತ್ಯ. ಅಗ್ಗ, ಕಲಬೆರಕೆ ಕಡಿಮೆ, ಕಣ್ಣಿಗೇ ಗುರುತು ಸಿಗುತ್ತದೆ, ಮನುಷ್ಯರ ಮೇಲೆಯೇ ನೋಡಿದ ಪುರಾವೆಯೂ ಇದೆ. ಕಾಳಿನಲ್ಲಿರುವ ಗ್ಯಾಲಕ್ಟೊಮನ್ನಾನ್ ಎಂಬ ಅಂಟು ನೀರು ಕುಡಿದು ಲೋಳೆಯಾಗಿ, ಊಟದ ಸಕ್ಕರೆ ಕರುಳಿನಿಂದ ರಕ್ತಕ್ಕೆ ಇಳಿಯುವುದನ್ನು ನಿಧಾನಿಸುತ್ತದೆ. ಕಿಡ್ನಿಗೆ ಇದರಿಂದ ಆಗುವ ಉಪಕಾರ ನೇರವಾದದ್ದಲ್ಲ. ಸಕ್ಕರೆ ಹತೋಟಿಗೆ ಬಂದಷ್ಟೂ ಕಿಡ್ನಿಯ ಸೋಸುಗಂಟುಗಳ ಮೇಲಿನ ಹೊರೆ ತಗ್ಗುತ್ತದೆ, ಅಷ್ಟೇ.

ಎಡವುವುದು ವಿಧಾನದಲ್ಲಿ. ರಾತ್ರಿ ನೆನೆಸಿ ಬೆಳಿಗ್ಗೆ ನೀರು ಕುಡಿದು ಕಾಳನ್ನು ಚೆಲ್ಲುವವರೇ ಹೆಚ್ಚು. ಆ ಅಂಟಿನ ಬಹುಪಾಲು ಚೆಲ್ಲಿದ ಕಾಳಿನಲ್ಲೇ ಉಳಿಯಿತು! ಕಾಳನ್ನು ಅಗಿದು ನುಂಗಬೇಕು, ಇಲ್ಲವೇ ನೆನೆದ ಕಾಳನ್ನು ರುಬ್ಬಿ ಮಜ್ಜಿಗೆಗೋ ರೊಟ್ಟಿ ಹಿಟ್ಟಿಗೋ ಸೇರಿಸಬೇಕು. ಅಧ್ಯಯನಗಳಲ್ಲಿ ಹೆಚ್ಚಾಗಿ ಕೊಟ್ಟಿದ್ದು ದಿನಕ್ಕೆ 10ರಿಂದ 25 ಗ್ರಾಂ. ಒಂದು ಚಹಾ ಚಮಚ ಕಾಳು ಸುಮಾರು 4 ಗ್ರಾಂ ತೂಗುತ್ತದೆ. ಮೊದಲ ವಾರ ಒಂದು ಚಮಚ, ಹೊಟ್ಟೆ ಒಗ್ಗಿದ ಮೇಲೆ ಎರಡು, ಆಮೇಲೆ ಬೇಕಿದ್ದರೆ ಮೂರು. ಮೊದಲ ದಿನವೇ ಹಿಡಿ ತುಂಬ ತಿಂದರೆ ಹೊಟ್ಟೆಯುಬ್ಬರ, ಭೇದಿ ಖಂಡಿತ.

10 ಗ್ರಾಂ ಕಾಳಿನಲ್ಲಿ ಪೊಟ್ಯಾಸಿಯಂ 80 ಮಿ.ಗ್ರಾಂ ಮೀರುವುದಿಲ್ಲ. ಹಾಗಾಗಿ ಕಿಡ್ನಿ ಸ್ವಲ್ಪ ಸೋತವರಿಗೂ ಇದು ಭಾರವಲ್ಲ. ಆದರೆ ಅದೇ ಲೋಳೆ ಮಾತ್ರೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಥೈರಾಯ್ಡ್, ಬಿ.ಪಿ., ಶುಗರ್ ಮಾತ್ರೆಗೂ ಮೆಂತ್ಯಕ್ಕೂ ನಡುವೆ ಎರಡು ಗಂಟೆ ಬಿಡಿ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಶುರು ಮಾಡಬಾರದು. ಕಡಲೆಕಾಯಿ ಅಲರ್ಜಿ ಇರುವವರಿಗೂ ಎಚ್ಚರ ಬೇಕು, ಎರಡೂ ಒಂದೇ ಕುಟುಂಬದವು.

ಹತ್ತಕ್ಕೆ ಎಂಟು.

ಹಾಗಲ, ನೇರಳೆ, ಮಧುನಾಶಿನಿ

ಹಾಗಲಕಾಯಿಯನ್ನು ತರಕಾರಿಯಾಗಿ ಕೊಂಡರೆ ಒಳ್ಳೆಯದು, ಬಾಟಲಿ ರಸವಾಗಿ ಕೊಂಡರೆ ದಂಡ. ಇದರ ಚರಾಂಟಿನ್ ಮುಂತಾದ ಅಂಶಗಳು ಶುಗರ್ ಮೇಲೆ ಸ್ವಲ್ಪ ಕೆಲಸ ಮಾಡುತ್ತವೆ. ಆದರೆ ಮನುಷ್ಯರ ಮೇಲಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದವರಿಗೆ ಗಟ್ಟಿ ತೀರ್ಮಾನ ಹೇಳುವಷ್ಟು ಪುರಾವೆ ಸಿಕ್ಕಿಲ್ಲ. ವಾರಕ್ಕೆ ಮೂರು ದಿನ ಪಲ್ಯ ಮಾಡಿಕೊಳ್ಳಿ. ಕಹಿ ಹೋಗಲೆಂದು ಉಪ್ಪು ಹಚ್ಚಿಟ್ಟಿದ್ದರೆ ಹಿಂಡಿ ಎರಡು ಸಲ ತೊಳೆಯಿರಿ. ಇಲ್ಲದಿದ್ದರೆ ಕಿಡ್ನಿಗೂ ಬಿ.ಪಿ.ಗೂ ಬೇಡದ ಉಪ್ಪು ತಟ್ಟೆಗೆ ಬಂತು. ಮುಷ್ಟಿ ಬೆಲ್ಲ ಹಾಕಿ ಗೊಜ್ಜು ಮಾಡಿ ‘ಹಾಗಲಕಾಯಿ ತಿಂದೆ’ ಎಂದು ಲೆಕ್ಕ ಹಿಡಿಯಬೇಡಿ.

ನೇರಳೆ ಬೀಜದ ಪುಡಿಯಲ್ಲಿ ಮೋಸ ಮಾಡುವುದು ಸುಲಭ, ಯಾವ ಕಂದು ಪುಡಿಯೂ ನೇರಳೆಯಂತೆಯೇ ಕಾಣುತ್ತದೆ. ಜೂನ್, ಜುಲೈಯಲ್ಲಿ ಹಣ್ಣು ತಿಂದ ಮೇಲೆ ಬೀಜ ಎತ್ತಿಡಿ. ತೊಳೆದು, ನೆರಳಲ್ಲಿ ವಾರ ಹತ್ತು ದಿನ ಒಣಗಿಸಿ, ಮೇಲಿನ ಸಿಪ್ಪೆ ಬಿಡಿಸಿ, ಒಳಗಿನ ಹಸಿರು ತಿರುಳು ಒಡೆದು ಮತ್ತೆ ಒಣಗಿಸಿ ಪುಡಿ ಮಾಡಿ. ಸಿಪ್ಪೆ ಸಮೇತ ಅರ್ಧ ಹಸಿಯಾಗಿ ಪುಡಿ ಮಾಡಿ ಡಬ್ಬಿಗೆ ಹಾಕಿದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ವಿಷ ಲಿವರಿಗೂ ಕೆಟ್ಟದ್ದು, ಕಿಡ್ನಿಗೂ ಕೆಟ್ಟದ್ದು. ಆಯುರ್ವೇದ ವೈದ್ಯರು ಹೇಳುವ ಪ್ರಮಾಣ ದಿನಕ್ಕೆ 3ರಿಂದ 6 ಗ್ರಾಂ. ಒಗರು ಹೆಚ್ಚು, ಮಲಬದ್ಧತೆ ಇರುವವರಿಗೆ ಆಗಿಬರುವುದಿಲ್ಲ. ಹತ್ತಕ್ಕೆ ಐದು.

ಮಧುನಾಶಿನಿಯಲ್ಲಿ ಅಸಲಿ ಯಾವುದು ಎಂದು ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು, ಇಷ್ಟು ಸುಲಭದ ಪರೀಕ್ಷೆ ಬೇರೆ ಯಾವ ಮೂಲಿಕೆಗೂ ಇಲ್ಲ. ಒಂದೆರಡು ಎಲೆ, ಇಲ್ಲವೇ ಕಾಲು ಚಮಚ ಪುಡಿಯನ್ನು ಒಂದು ನಿಮಿಷ ನಾಲಿಗೆ ಮೇಲೆ ಆಡಿಸಿ, ಉಗಿದು, ಬಾಯಿ ಮುಕ್ಕಳಿಸಿ. ಆಮೇಲೆ ನಾಲ್ಕು ಹರಳು ಸಕ್ಕರೆ ಬಾಯಿಗೆ ಹಾಕಿ. ಅಸಲಿಯಾದರೆ ಸಕ್ಕರೆ ಮರಳಿನಂತಿರುತ್ತದೆ, ಸಿಹಿಯೇ ಗೊತ್ತಾಗುವುದಿಲ್ಲ. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲ ನಾಲಿಗೆಯ ಸಿಹಿ ಗ್ರಾಹಕಗಳನ್ನು ಸ್ವಲ್ಪ ಹೊತ್ತು ಮುಚ್ಚಿಹಾಕುತ್ತದೆ. ಸಿಹಿ ಹಾಗೇ ಗೊತ್ತಾದರೆ ಪುಡಿ ಹಳತು, ಅಥವಾ ಅದು ಮಧುನಾಶಿನಿಯೇ ಅಲ್ಲ. ಮದ್ರಾಸಿನಲ್ಲಿ ನಡೆದು 1990ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ 22 ಜನ ಟೈಪ್ 2 ರೋಗಿಗಳಿಗೆ ಇದರ ಸಾರವನ್ನು ದಿನಕ್ಕೆ 400 ಮಿ.ಗ್ರಾಂನಂತೆ 18ರಿಂದ 20 ತಿಂಗಳು ಕೊಟ್ಟಾಗ ಶುಗರ್ ಇಳಿದು, ಕೆಲವರ ಮಾತ್ರೆಯ ಪ್ರಮಾಣವೂ ತಗ್ಗಿತ್ತು. ಕಿಡ್ನಿಗೆ ಏನಾಯಿತು ಎಂಬುದು ಅಲ್ಲಿನ ಪ್ರಶ್ನೆಯಾಗಿರಲಿಲ್ಲ.

ಇಲ್ಲಿ ಒಂದು ಅಪಾಯವನ್ನು ಬಿಡಿಸಿ ಹೇಳಬೇಕು. ಕಿಡ್ನಿ ಸೋತಾಗ ಇನ್ಸುಲಿನ್ ಆಗಲಿ, ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂಥ ಮಾತ್ರೆಗಳಾಗಲಿ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ‘ಮೊದಲಿನಷ್ಟು ಶುಗರ್ ಬರ್ತಿಲ್ಲ, ವಾಸಿಯಾಗ್ತಿದೆ’ ಎಂದು ಮನೆಯವರು ಸಂತೋಷಪಡುವ ಹೊತ್ತಿನಲ್ಲಿ ಕಿಡ್ನಿ ಕುಸಿಯುತ್ತಿರಬಹುದು. ಅದರ ಮೇಲೆ ಹಾಗಲ, ಮಧುನಾಶಿನಿ ಎರಡೂ ಸೇರಿದರೆ ರಾತ್ರಿ ಮಲಗಿದಲ್ಲೇ ಶುಗರ್ ಬೀಳುತ್ತದೆ. ಬೆವರು, ನಡುಕ, ತೊದಲು ಕಂಡ ಕೂಡಲೇ ಮೂರು ಚಹಾ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ. ಕಾಲು ಗಂಟೆ ಬಿಟ್ಟು ಮತ್ತೆ ಶುಗರ್ ನೋಡಿ, ಏರದಿದ್ದರೆ ಇನ್ನೊಂದು ಸಲ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಮಧುನಾಶಿನಿ ಬಾಯಿಗೆ ಬಿದ್ದ ಸ್ವಲ್ಪ ಹೊತ್ತು ಸಿಹಿ ಗೊತ್ತಾಗದಿದ್ದರೂ ಸಕ್ಕರೆ ರಕ್ತಕ್ಕೆ ಸೇರಿಯೇ ಸೇರುತ್ತದೆ. ‘ಸಿಹಿಯೇ ಇಲ್ಲ’ ಎಂದು ಉಗಿಯಲು ಬಿಡಬೇಡಿ.

ಇನ್ಸುಲಿನ್ ಗಿಡ ಎಂದು ನರ್ಸರಿಗಳು ಮಾರುವ ಸಸಿಯ ಬಗ್ಗೆ ಎರಡೇ ಮಾತು. ಅದರಲ್ಲಿ ಇನ್ಸುಲಿನ್ ಇಲ್ಲ. ಇದ್ದರೂ ಬಾಯಿಂದ ತಿಂದದ್ದು ಹೊಟ್ಟೆಯಲ್ಲೇ ಜೀರ್ಣವಾಗಿ ಹೋಗುತ್ತಿತ್ತು.

ಅರಿಶಿನ ಮತ್ತು ನೆಲ್ಲಿಕಾಯಿ

ಮಧುಮೇಹದ ಕಿಡ್ನಿ ರೋಗಕ್ಕೆಂದೇ ಮನುಷ್ಯರ ಮೇಲೆ ನೋಡಿದ ಮೂಲಿಕೆಗಳು ಬೆರಳೆಣಿಕೆಯಷ್ಟು, ಅವುಗಳಲ್ಲಿ ಅರಿಶಿನ ಒಂದು. ಉಳಿದವುಗಳ ‘ಕಿಡ್ನಿ ರಕ್ಷಣೆ’ ಕಥೆ ಬಹುತೇಕ ಸ್ಟ್ರೆಪ್ಟೊಜೊಟೊಸಿನ್ ಚುಚ್ಚಿ ಶುಗರ್ ಬರಿಸಿದ ಇಲಿಗಳಿಂದ ಬಂದದ್ದು. ಇಲಿಗೆ ಕೆಲವೇ ವಾರ ಕೊಟ್ಟು ನೋಡಿದ್ದು, ಹತ್ತು ಹದಿನೈದು ವರ್ಷ ಶುಗರ್ ಹೊತ್ತ ಮನುಷ್ಯನ ಕಿಡ್ನಿಗೆ ಹಾಗೇ ಹೊಂದುವುದಿಲ್ಲ. ಇರಾನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 40 ರೋಗಿಗಳ ಪೈಕಿ ಅರ್ಧ ಜನಕ್ಕೆ ಮೂರು ಹೊತ್ತಿನ ಊಟದ ಜೊತೆ 500 ಮಿ.ಗ್ರಾಂ ಅರಿಶಿನ ಎರಡು ತಿಂಗಳು ಕೊಟ್ಟರು, ಮೂತ್ರದ ಪ್ರೋಟೀನ್ ಕಡಿಮೆಯಾಯಿತು. ಸಣ್ಣ ಅಧ್ಯಯನ, ಸಣ್ಣ ಅವಧಿ. ಆದರೂ ಗಮನಿಸಿ, ದಿನಕ್ಕೆ ಒಟ್ಟು 1.5 ಗ್ರಾಂ, ಅಂದರೆ ಅರ್ಧ ಚಹಾ ಚಮಚ. ಅದು ನಮ್ಮ ಸಾರು, ಪಲ್ಯ, ಮಜ್ಜಿಗೆ ಹುಳಿಯಲ್ಲೇ ಮುಗಿಯುವ ಲೆಕ್ಕ.

ಅದಕ್ಕೆಂದು ದಿನಾ ಎರಡು ಮೂರು ಚಮಚ ಅರಿಶಿನ ನೀರಿಗೆ ಕಲಸಿ ಕುಡಿಯುವವರಿದ್ದಾರೆ. ಬೇಡ. ಅರಿಶಿನದಲ್ಲಿ ಕರಗುವ ಆಕ್ಸಲೇಟ್ ಹೆಚ್ಚು. ಅದು ಕಿಡ್ನಿಯಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗುತ್ತದೆ, ತಿಂಗಳುಗಟ್ಟಲೆ ಹೀಗೆ ತಿಂದು ಕಿಡ್ನಿ ಕೆಟ್ಟ ಪ್ರಕರಣಗಳೂ ದಾಖಲಾಗಿವೆ. ಪುಡಿಗಿಂತ ಕೊಂಬು ಕೊಂಡು ಗಿರಣಿಯಲ್ಲಿ ಹಾಕಿಸುವುದು ಮೇಲು. ಕಣ್ಣು ಕುಕ್ಕುವ ಹಳದಿ ಪುಡಿಗೆ, ಮೇಲೆ ಹಳದಿ ಬಳಿದು ಹೊಳಪೇರಿಸಿದ ಕೊಂಬಿಗೆ ಸೀಸದ ಕ್ರೋಮೇಟ್ ಬೆರೆಸಿರುವ ಅಪಾಯ ಇದೆ, ಸೀಸವೂ ಕಿಡ್ನಿಯನ್ನೇ ಕೊಲ್ಲುತ್ತದೆ. ಕೊಂಬು ಮುರಿದು ಒಳಗಿನ ಬಣ್ಣ ನೋಡಿ. ಒಳಗೆ ಮಬ್ಬಾಗಿದ್ದು ಹೊರಗೆ ಮಾತ್ರ ಬೆಳಗುತ್ತಿದ್ದರೆ ವಾಪಸ್ ಕೊಡಿ.

ನೆಲ್ಲಿಕಾಯಿ ದಿನಕ್ಕೆ ಒಂದೆರಡು, ಹಸಿಯಾಗಿ ಅಥವಾ ತಂಬುಳಿಯಾಗಿ. ಉಪ್ಪಿನಲ್ಲಿ ನೆನೆಸಿದ್ದು, ಸಕ್ಕರೆ ಪಾಕದಲ್ಲಿ ಹಾಕಿದ್ದು, ಚ್ಯವನಪ್ರಾಶ ಮೂರೂ ಈ ಪಟ್ಟಿಯಲ್ಲಿಲ್ಲ. ಬಾಟಲಿ ರಸವನ್ನು ಲೋಟಗಟ್ಟಲೆ ಕುಡಿಯುವುದೂ ಬೇಡ. ಸಿ ವಿಟಮಿನ್ ಅತಿಯಾದರೆ ಅದರಲ್ಲೊಂದು ಭಾಗ ಆಕ್ಸಲೇಟ್ ಆಗಿಯೇ ಮೂತ್ರಕ್ಕೆ ಬರುತ್ತದೆ.

ನುಗ್ಗೆಸೊಪ್ಪು ಮತ್ತು ಬಸಿದ ನೀರಿನ ಮಾತು

ನಮ್ಮ ಸೀಮೆಯಲ್ಲಿ ಹಿತ್ತಲಿಗೊಂದು ನುಗ್ಗೆ ಮರ. 100 ಗ್ರಾಂ ಹಸಿ ಸೊಪ್ಪಿನಲ್ಲಿ ಪೊಟ್ಯಾಸಿಯಂ ಸುಮಾರು 350ರಿಂದ 400 ಮಿ.ಗ್ರಾಂ. ಪುಡಿಯಾದಾಗ ನೀರು ಹೋಗಿ ಅದೇ ತೂಕಕ್ಕೆ ಮೂರು ನಾಲ್ಕು ಪಟ್ಟು ಆಗುತ್ತದೆ. ಕಿಡ್ನಿ ಚೆನ್ನಾಗಿರುವವರಿಗೆ ವಾರಕ್ಕೆರಡು ಸಲ ನುಗ್ಗೆಸೊಪ್ಪಿನ ಪಲ್ಯ, ಜೋಳದ ರೊಟ್ಟಿ ಬಹಳ ಒಳ್ಳೆಯ ಊಟ. ಪೊಟ್ಯಾಸಿಯಂ ಹೆಚ್ಚಿದ್ದೂ ಅವರ ಬಿ.ಪಿ.ಗೆ ಅನುಕೂಲವೇ. ಆದರೆ ಇಜಿಎಫ್‌ಆರ್ 45ರ ಕೆಳಗೆ ಬಂದವರು, ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್ ತೆಗೆದುಕೊಳ್ಳುವವರು, ಅದರಲ್ಲೂ ಸ್ಪೈರೊನೊಲಾಕ್ಟೋನ್ ಸೇರಿಸಿಕೊಂಡವರು ನುಗ್ಗೆ ಪುಡಿಯ ಡಬ್ಬಿ ಮುಟ್ಟುವ ಮೊದಲು ಪೊಟ್ಯಾಸಿಯಂ ಅಂಕಿ ನೋಡಿಕೊಳ್ಳಬೇಕು. ಈ ಬಿ.ಪಿ. ಮಾತ್ರೆಗಳು ಕಿಡ್ನಿ ಕಾಯುವ ಮಾತ್ರೆಗಳೂ ಹೌದು, ಪೊಟ್ಯಾಸಿಯಂ ಏರಿಸುವಂಥವೂ ಹೌದು. ಸೊಪ್ಪಿಗಾಗಿ ಮಾತ್ರೆ ಬಿಡುವುದಲ್ಲ, ಮಾತ್ರೆಗಾಗಿ ಸೊಪ್ಪಿನ ಅಳತೆ ತಗ್ಗಿಸುವುದು.

ಪೊಟ್ಯಾಸಿಯಂ ಕಡಿಮೆ ಮಾಡಿ ತಿನ್ನುವ ದಾರಿ ಸುಲಭ. ಸೊಪ್ಪನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಕುದಿಸಿ, ನೀರು ಬಸಿದು, ಉಳಿದದ್ದಕ್ಕೆ ಒಗ್ಗರಣೆ ಹಾಕಿ. ಆದರೆ ಹಿರಿಯೂರು, ಹೊಸದುರ್ಗದ ಕಡೆ ಮುದ್ದೆಗೆ ಬಸ್ಸಾರು ಮಾಡುವ ಮನೆಗಳಲ್ಲಿ ಬಸಿದ ನೀರು ಚೆಲ್ಲುವುದಿಲ್ಲ, ಅದೇ ಸಾರು. ಕರಗಿ ಬಂದ ಪೊಟ್ಯಾಸಿಯಂ ಅಷ್ಟೂ ಆ ಸಾರಿನಲ್ಲಿದೆ! ಮನೆಯವರೆಲ್ಲ ಸಾರು ಉಣ್ಣಲಿ. ಕಿಡ್ನಿ ಸೋತವರಿಗೆ ಪಲ್ಯ ಬಡಿಸಿ, ಮುದ್ದೆಗೆ ಬೇರೆ ತಿಳಿಸಾರು ಮಾಡಿಕೊಡಿ. ಪಾಲಕ್, ರಾಜಗಿರಿ ಸೊಪ್ಪಿನ ಆಕ್ಸಲೇಟ್‌ಗೂ ಇದೇ ಕ್ರಮ. ಇವನ್ನು ಹಸಿಯಾಗಿ ಮಿಕ್ಸಿಗೆ ಹಾಕಿ ದಿನಾ ಒಂದು ಲೋಟ ಕುಡಿಯುವ ಹೊಸ ಅಭ್ಯಾಸ ಶುಗರ್ ಇರುವವರಿಗೆ ಬೇಡವೇ ಬೇಡ. ಬಾಟಲಿ ನೋನಿ ರಸದಲ್ಲೂ ಪೊಟ್ಯಾಸಿಯಂ ಹೆಚ್ಚು. ಬಿ.ಪಿ.ಗೆ ಒಳ್ಳೆಯದೆಂದು ಮಾರುವ ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ, ಕಿಡ್ನಿ ಸೋತವರ ಮನೆಗೆ ಅದನ್ನು ತರಬೇಡಿ. ಮಾಮೂಲಿ ಉಪ್ಪನ್ನೇ ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಚಹಾ ಚಮಚದೊಳಗೆ ಹಿಡಿಯಿರಿ. ಸಂಜೆಯ ಮಂಡಕ್ಕಿ, ಮಿರ್ಚಿಯ ಉಪ್ಪೂ ಆ ಲೆಕ್ಕದಲ್ಲೇ ಬರಬೇಕು.

ತಂಗಡಿ ಹೂವು, ಅಮೃತಬಳ್ಳಿ

ಚಿತ್ರದುರ್ಗದ ಕಲ್ಲುಗುಡ್ಡಗಳ ಸೆರಗಿನಲ್ಲಿ, ಚಳ್ಳಕೆರೆಯ ಒಣನೆಲದಲ್ಲಿ ತಂಗಡಿ ಹೊಂಬಣ್ಣಕ್ಕೆ ಅರಳುತ್ತದೆ. ಕೆಲವರು ಆವರಿಕೆ ಎನ್ನುತ್ತಾರೆ. ಒಣ ಹೂವಿನ ಕಷಾಯ ಚಹಾಕ್ಕೆ ಬದಲಾಗಿ ಒಳ್ಳೆಯದು. ಸಕ್ಕರೆ ಹಾಕಿದ ಎರಡು ಲೋಟ ಚಹಾ ತಪ್ಪಿದರೆ ಅದೇ ದೊಡ್ಡ ಲಾಭ. ಒಂದು ಲೋಟ ನೀರಿಗೆ ಎಂಟು ಹತ್ತು ಒಣ ಹೂವು, ಐದು ನಿಮಿಷ, ದಿನಕ್ಕೊಮ್ಮೆ. ಗುರುತು ತಪ್ಪಬಾರದು. ತಂಗಡಿ ಪೊದೆ, ಎಲೆಯ ಬುಡದಲ್ಲಿ ಕಿವಿಯಂತೆ ಅಗಲವಾದ ಪುಟ್ಟ ಎಲೆದಳ ಎರಡು ಇರುತ್ತವೆ. ರಸ್ತೆ ಬದಿಯ ಎತ್ತರದ ಸೀಮೆ ತಂಗಡಿ ಮರಕ್ಕೆ ಈ ಕಿವಿ ಇಲ್ಲ. ಅದರ ಹೂವೂ ಹಳದಿಯೇ, ಆದರೆ ಆ ಮರದಲ್ಲಿ ಲಿವರಿಗೆ ಹಾನಿ ಮಾಡುವ ಅಂಶವಿದೆ. ಹೆದ್ದಾರಿ ಅಂಚಿನ ಹೊಗೆ, ಧೂಳು ಕುಡಿದ ಹೂವನ್ನಂತೂ ಕೀಳಬೇಡಿ. ಜೋಗಿಮಟ್ಟಿ ವನ್ಯಧಾಮದೊಳಗೆ ಕೀಳುವುದು ಕಾನೂನುಬಾಹಿರ.

ಕಷಾಯದ ನೀರಿನ ಬಗ್ಗೆ ಇಲ್ಲೇ ಹೇಳಬೇಕು. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿಗೆ ಲೀಟರಿಗೆ 1.5 ಮಿ.ಗ್ರಾಂ ಗರಿಷ್ಠ ಮಿತಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಗಟ್ಟಿಯಾಗುತ್ತದೆ. ‘ನಾಲ್ಕು ಲೋಟ ಒಂದಕ್ಕೆ ಇಳಿಸಿ’ ಎಂಬ ಕಷಾಯದಲ್ಲಿ ಹೆಚ್ಚುಕಡಿಮೆ ನಾಲ್ಕು ಲೋಟದ ಫ್ಲೋರೈಡ್ ಒಂದೇ ಲೋಟದಲ್ಲಿ ಕೂತಿರುತ್ತದೆ. ಅದನ್ನು ಹೊರಹಾಕಬೇಕಾದದ್ದೂ ಕಿಡ್ನಿಯೇ. ಕಷಾಯಕ್ಕೆ ಶುದ್ಧೀಕರಣ ಘಟಕದ ನೀರನ್ನೇ ಬಳಸಿ.

ಅಮೃತಬಳ್ಳಿ ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂತು. ಆ ಬೆನ್ನಲ್ಲೇ ಮುಂಬಯಿಯ ವೈದ್ಯರು ಲಿವರ್ ಹಾನಿಯ ಪ್ರಕರಣಗಳನ್ನು ವರದಿ ಮಾಡಿದರು. ಅಸಲಿ ಬಳ್ಳಿಯ ಎಲೆ ಹೃದಯಾಕಾರ, ಕಾಂಡ ತೆಳು ಸಿಪ್ಪೆಯದು. ಕಾಂಡದ ತುಂಬ ಗಂಟುಗಂಟು ಗುಳ್ಳೆ ಇರುವುದು ಬೇರೆ ಜಾತಿ. ಕಾಮಾಲೆ ಆಗಿದ್ದವರು, ಮೈಯ ರೋಗನಿರೋಧಕ ಶಕ್ತಿ ಮೈಮೇಲೇ ತಿರುಗಿಬೀಳುವ ಕಾಯಿಲೆ ಇರುವವರು, ಕಿಡ್ನಿ ಕಸಿ ಆದವರು ಮುಟ್ಟಬಾರದು. ಕಿಡ್ನಿ ದೃಷ್ಟಿಯಿಂದ ನಾವು ಇದಕ್ಕೆ ದುಡ್ಡು ಕೊಡುವುದಿಲ್ಲ.

ಪುನರ್ನವ, ನೆಗ್ಗಿಲು ಮುಳ್ಳು, ಬಾಳೆದಿಂಡು

‘ಕಿಡ್ನಿ ಕ್ಲೀನ್ ಮಾಡುತ್ತೆ’ ಎಂದು ಅತಿ ಹೆಚ್ಚು ಮಾರಾಟವಾಗುವುದು ಈ ಮೂರು, ಅತಿ ಹೆಚ್ಚು ತಪ್ಪು ತಿಳಿವಳಿಕೆಯೂ ಇವುಗಳ ಬಗ್ಗೆಯೇ. ಇವು ಮೂತ್ರ ಹೆಚ್ಚಿಸುವ ಮೂಲಿಕೆಗಳು. ಕಿಡ್ನಿಯಲ್ಲಿ ಕಲ್ಲಾಗುವುದು ಒಂದು ರೋಗ, ಶುಗರಿನಿಂದ ಸೋಸುಗಂಟು ಹಾಳಾಗುವುದು ಪೂರಾ ಬೇರೆ ರೋಗ. ಕಲ್ಲಿಗೆ ಹೇಳಿದ ಬಾಳೆದಿಂಡಿನ ರಸ, ಹುರುಳಿ ಕಟ್ಟು ಎರಡನೆಯದಕ್ಕೆ ಹೊಂದುವುದಿಲ್ಲ. ನೀರು ಜಾಸ್ತಿ ಹೊರಬಂದ ಮಾತ್ರಕ್ಕೆ ಸೋರುವ ಆಲ್ಬುಮಿನ್ ನಿಲ್ಲುವುದಿಲ್ಲ.

ಪುನರ್ನವದಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಹೆಚ್ಚು, ಮೂತ್ರ ಹೆಚ್ಚುವುದಕ್ಕೆ ಅದೂ ಒಂದು ಕಾರಣ ಎನ್ನುತ್ತಾರೆ. ಸೋತ ಕಿಡ್ನಿ, ಟೆಲ್ಮಿಸಾರ್ಟನ್, ಪುನರ್ನವ ಈ ಮೂರೂ ಕೂಡಿದರೆ ಪೊಟ್ಯಾಸಿಯಂ ಏರಿ ಹೃದಯದ ಲಯ ತಪ್ಪಬಹುದು. ಗುರುತಿನ ಗೊಂದಲವೂ ಇದೆ. ನೆಲಕ್ಕೆ ಹರಡಿ, ಚಿಕ್ಕ ನಸುಗೆಂಪು ಹೂ ಬಿಟ್ಟು, ಅಂಟಂಟಾದ ಸಣ್ಣ ಕಾಯಿ ಬಟ್ಟೆಗೆ ಹತ್ತಿಕೊಳ್ಳುವುದು ನಿಜವಾದದ್ದು. ದಪ್ಪ ರಸಭರಿತ ಎಲೆಯ, ಹೊಲದ ಕಳೆಯಾದ ಬಿಳಿ ಪುನರ್ನವ ಬೇರೆಯೇ ಗಿಡ, ಅದೂ ಇದೇ ಹೆಸರಿನಲ್ಲಿ ಚೀಲಕ್ಕೆ ಬರುತ್ತದೆ. ಪುನರ್ನವಾಸವ ಬಾಟಲಿ ಕೊಳ್ಳುವವರು ತಿಳಿದಿರಬೇಕು: ಆಸವ ಎಂದರೆ ಬೆಲ್ಲ, ಸಕ್ಕರೆ ಹಾಕಿ ಹುದುಗಿಸಿದ್ದು, ಅದರಲ್ಲಿ ಹುದುಗಿನಿಂದ ಬಂದ ಮದ್ಯಾಂಶ ನೂರಕ್ಕೆ 5ರಿಂದ 10ರಷ್ಟು ಇರುತ್ತದೆ. ಶುಗರಿನವರಿಗೆ ಅದು ಸರಿಹೊಂದುವ ರೂಪವಲ್ಲ. ನೆಗ್ಗಿಲು ಮುಳ್ಳಿನ ಕಷಾಯ ಕುಡಿದು ಕಿಡ್ನಿಯೇ ಕೆಟ್ಟ ಪ್ರಕರಣ ವೈದ್ಯಕೀಯ ದಾಖಲೆಯಲ್ಲಿದೆ.

ನುರಿತ ಆಯುರ್ವೇದ ವೈದ್ಯರು ರಕ್ತಪರೀಕ್ಷೆ ನೋಡಿ, ದಿನ ಎಣಿಸಿ ಕೊಟ್ಟರೆ ಅದು ಬೇರೆ. ಅಂಗಡಿ ಕಟ್ಟೆಯಿಂದ ಸ್ವಂತಕ್ಕೆ ಕೊಳ್ಳಲು ಹತ್ತಕ್ಕೆ ಒಂದು. ವಾಂತಿ ಭೇದಿ ಆದ ದಿನ, ಜ್ವರದಲ್ಲಿ ಊಟ ಬಿಟ್ಟ ದಿನ ಇಂಥ ಕಷಾಯ ಕುಡಿದರೆ ಮೈ ಬತ್ತಿ ಕ್ರಿಯಾಟಿನಿನ್ ಒಂದೆರಡು ದಿನದಲ್ಲೇ ನೆಗೆಯುತ್ತದೆ.

ಮುಟ್ಟಲೇಬಾರದವು

ಕಮರಾಕ್ಷಿ, ಅಂದರೆ ಅಡ್ಡ ಕೊಯ್ದರೆ ನಕ್ಷತ್ರದಂತೆ ಕಾಣುವ ಧಾರೆಹುಳಿ. ಇದರಲ್ಲಿರುವ ಕ್ಯಾರಂಬಾಕ್ಸಿನ್ ಎಂಬ ನರವಿಷವನ್ನು ಬ್ರೆಜಿಲ್‌ನ ವಿಜ್ಞಾನಿಗಳು 2013ರಲ್ಲಿ ಗುರುತಿಸಿದರು. ಕಿಡ್ನಿ ಸೋತವರಲ್ಲಿ ಅದು ಹೊರಹೋಗದೆ ಮಿದುಳಿಗೇರುತ್ತದೆ. ಮೊದಲು ನಿಲ್ಲದ ಬಿಕ್ಕಳಿಕೆ, ಆಮೇಲೆ ಗೊಂದಲ, ಸೆಳೆತ. ಡಯಾಲಿಸಿಸ್‌ನಲ್ಲಿರುವವರಿಗೆ ಒಂದು ಹಣ್ಣೂ ಅಪಾಯ. ಅದರ ಬಂಧು ಬಿಂಬುಳಿಯ ರಸವನ್ನು ಕೊಲೆಸ್ಟ್ರಾಲಿಗೆಂದು ಕುಡಿದು ಆಕ್ಸಲೇಟ್ ಹರಳು ತುಂಬಿ ಕಿಡ್ನಿ ನಿಂತವರ ವರದಿ 2013ರಲ್ಲಿ ಕೇರಳದಿಂದ ಬಂದಿದೆ.

ಈಶ್ವರಿ ಬೇರು, ಮತ್ತು ಎರೆಹೊಲದಲ್ಲಿ ಹಬ್ಬುವ ಅದೇ ಕುಲದ ನೆಲಬಳ್ಳಿ. ಇವುಗಳ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನು ಗುಣವಾಗದಂತೆ ಒಣಗಿಸುತ್ತದೆ, ಮೂತ್ರನಾಳದ ಕ್ಯಾನ್ಸರನ್ನೂ ತರುತ್ತದೆ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗುಳಿಗೆಗೆ ಒಂದು ಬೇರಿನ ಬದಲು ಈ ಕುಲದ ಬೇರು ಸೇರಿಹೋಗಿ ನೂರಕ್ಕೂ ಹೆಚ್ಚು ಜನರ ಕಿಡ್ನಿ ಹಾಳಾಯಿತು. ಹಾವಿನ ವಿಷಕ್ಕೆ, ಶುಗರಿಗೆ ಎಂದು ಯಾರೇ ಕೊಟ್ಟರೂ ಚಿಟಿಕೆಯೂ ಬೇಡ.

ಸೋರೆಕಾಯಿ ರಸ ಕುಡಿಯುವವರು ಮೊದಲು ತುಂಡು ರುಚಿ ನೋಡಿ. ಕಹಿ ಇದ್ದರೆ ಚೆಲ್ಲಿ, ಅದರ ಕುಕುರ್ಬಿಟಾಸಿನ್ ವಿಷ.

ಎಲ್ಲಕ್ಕಿಂತ ಕೆಟ್ಟ ಸಾಮಾನು ಯಾವುದು ಎಂದರೆ ಹೆಸರು, ಅಂಶ ಏನೂ ಬರೆಯದ ಮಿಶ್ರಣದ ಪುಡಿ. ಇಂಥ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಮಾತ್ರೆಯನ್ನೇ ಅರೆದು ಹಾಕಿದ್ದು, ಮೈಕೈ ನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್, ನೋವಿನ ಮಾತ್ರೆ ಬೆರೆಸಿದ್ದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಗುರುತು ಇಷ್ಟೇ: ಸೊಪ್ಪುಸದೆಯ ಪುಡಿ ನಾಲ್ಕು ದಿನದಲ್ಲಿ 280ರ ಶುಗರನ್ನು 110ಕ್ಕೆ ಇಳಿಸುವುದಿಲ್ಲ. ಇಳಿಸಿದರೆ ಒಳಗೆ ಮಾತ್ರೆ ಇದೆ ಎಂದು ಅನುಮಾನಿಸಿ. ಶುಗರ್ ಗುಣಪಡಿಸುತ್ತೇವೆ ಎಂದು ಜಾಹೀರಾತು ಮಾಡುವುದೇ ಔಷಧ ಜಾಹೀರಾತಿಗೆ ಸಂಬಂಧಿಸಿದ 1954ರ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಪ್ಯಾಕೆಟ್ ಮೇಲೆ ಅಂಥ ಮಾತು ಇದ್ದರೆ ಅದೊಂದೇ ಅದನ್ನು ಬಿಡಲು ಸಾಕಾದ ಕಾರಣ.

ಕೊಳ್ಳುವಾಗ, ಬಳಸುವಾಗ

ಪುಡಿಗಿಂತ ಇಡೀ ಎಲೆ, ಬೀಜ, ಕೊಂಬು ಕೊಳ್ಳಿ. ಒಂದು ಸಲಕ್ಕೆ ಒಂದೇ ಮೂಲಿಕೆ, ತಿಂಗಳಿಗೆ ಬೇಕಾದಷ್ಟೇ, 100 ಗ್ರಾಂ ಸಾಕು. ಐದನ್ನು ಒಟ್ಟಿಗೆ ಶುರು ಮಾಡಿದರೆ ತೊಂದರೆಯಾದಾಗ ಯಾವುದರಿಂದ ಎಂದು ಯಾರಿಗೂ ಹೇಳಲಾಗುವುದಿಲ್ಲ. ಕಂಪನಿ ಪ್ಯಾಕೆಟ್ ಆದರೆ ಔಷಧಿಗೆ ಆಯುಷ್ ತಯಾರಿಕಾ ಪರವಾನಗಿ ಸಂಖ್ಯೆ, ಆಹಾರಕ್ಕೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಬ್ಯಾಚ್, ತಯಾರಾದ ತಿಂಗಳು, ಪ್ರತಿ ಅಂಶದ ತೂಕ ಇಷ್ಟೂ ನೋಡಿ. ಲೋಹ ಸುಟ್ಟು ಮಾಡಿದ ಭಸ್ಮ ಸೇರಿದ್ದನ್ನು ಕಿಡ್ನಿಗೆಂದು ತರಬೇಡಿ.

ಮೊದಲೇ ಎಸಿಆರ್, ಕ್ರಿಯಾಟಿನಿನ್, ಪೊಟ್ಯಾಸಿಯಂ ಮಾಡಿಸಿ, ದಿನಾಂಕ ಬರೆದಿಡಿ. ಶುರು ಮಾಡಿ ತಿಂಗಳಾದ ಮೇಲೆ ಮತ್ತೆ ಮಾಡಿಸಿ. ಆ ತಿಂಗಳು ಬೆಳಗಿನ ಶುಗರನ್ನೂ ಮನೆಯಲ್ಲಿ ಹೆಚ್ಚು ಸಲ ನೋಡಿ. ಕ್ರಿಯಾಟಿನಿನ್ ಏರಿದ್ದರೆ ಮೂಲಿಕೆ ನಿಲ್ಲಿಸಿ ವೈದ್ಯರನ್ನು ಕಾಣಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಮಾತ್ರೆ ಎಂದರೆ ಕೆಮಿಕಲ್, ಗಿಡ ಎಂದರೆ ಪ್ರಕೃತಿ ಎಂದು ಬೇರೆ ಮಾಡಿ ನೋಡುವವರಿಗೆ ಒಂದು ಸಂಗತಿ. ಸೇಬಿನ ಮರದ ತೊಗಟೆಯಿಂದ 1835ರಲ್ಲಿ ಬೇರ್ಪಡಿಸಿದ ಫ್ಲೋರಿಜಿನ್ ಮೂತ್ರದಲ್ಲಿ ಸಕ್ಕರೆ ಹೊರಹಾಕುತ್ತಿತ್ತು. ಅದೇ ಜಾಡು ಹಿಡಿದು ಬಂದದ್ದು ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು. ಇವು ಸೋಸುಗಂಟಿನ ಒತ್ತಡವನ್ನೇ ಇಳಿಸಿ ಕಿಡ್ನಿ ಕುಸಿತವನ್ನು ನಿಧಾನಿಸುತ್ತವೆ ಎಂಬುದು 2019ರಿಂದ ಈಚೆಗೆ ಸಾವಿರಾರು ರೋಗಿಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಸಾಬೀತಾಗಿದೆ. ಭಾರತದಲ್ಲಿ ಡಪಾಗ್ಲಿಫ್ಲೋಜಿನ್ ಪೇಟೆಂಟ್ 2020ರಲ್ಲಿ ಮುಗಿದು ಬೆಲೆ ಇಳಿದಿದೆ. ಎಸಿಆರ್ 30 ದಾಟಿದವರು ಗ್ರಂಥಿಗೆ ಅಂಗಡಿಗೆ ಹೋಗುವ ಮೊದಲು ವೈದ್ಯರ ಹತ್ತಿರ ಈ ಮಾತ್ರೆಯ ಬಗ್ಗೆ, ಟೆಲ್ಮಿಸಾರ್ಟನ್ ಗುಂಪಿನ ಬಗ್ಗೆ ಕೇಳಲಿ. ಹೋಗುವಾಗ ತಿನ್ನುತ್ತಿರುವ ಪುಡಿಯ ಡಬ್ಬಿ, ಬೇರಿನ ತುಂಡು, ಕಷಾಯದ ಚೀಟಿ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲಿಡಿ.